ವಿದ್ಯಾರ್ಥಿನಿಲಯಕ್ಕೆ ಹೊರಡುವ ಮುನ್ನ

ಪದವಿಗೆ ಪ್ರವೇಶ ದೊರೆತೊಡನೆ ತಂದೆತಾಯಂದಿರು ಪೆಟ್ಟಿಗೆ, ಹಾಸಿಗೆ, ಲ್ಯಾಪ್‌ಟಾಪ್‌ಗಳನ್ನು ಅಣಿಗೊಳಿಸುತ್ತಾರೆ. ಮಕ್ಕಳ ದಿನಚರಿಯನ್ನು ಮರೆಯುತ್ತಾರೆ. ಮೊದಲ ರಜೆಗೇ ಎದೆಯುರಿ, ಮಲಬದ್ಧತೆ, ನಿದ್ರಾಹೀನತೆಗಳೊಡನೆ ಮರಳುವವರನ್ನು ನಾವು ಪ್ರತಿವರ್ಷ ನೋಡುತ್ತಿದ್ದೇವೆ.

ಆಹಾರ, ನಿದ್ರೆ, ಬ್ರಹ್ಮಚರ್ಯಗಳು ದೇಹದ 3 ಉಪಸ್ತಂಭಗಳೆಂದು ಚರಕಸಂಹಿತೆ ಹೇಳುತ್ತದೆ. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಬಿಡದೆ, ಕಾಲುಭಾಗದಂತೆ ಕ್ರಮೇಣ ಬಿಡಬೇಕೆಂಬುದೂ ಅದರದೇ ಉಪದೇಶ. ಆದ್ದರಿಂದ ತರಗತಿಗಳು ಆರಂಭವಾಗುವ ಮುನ್ನವೇ ಮನೆಯಲ್ಲಿ ಸಿದ್ಧತೆ ತೊಡಗಲಿ. ರಾತ್ರಿ 12ಕ್ಕೆ ಮಲಗುವವರು ವಾರಕ್ಕೆ ಅರ್ಧ ಗಂಟೆ ಹಿಂದೆ ಸರಿದರೆ, 4 ವಾರಗಳಲ್ಲಿ 10 ಗಂಟೆಗೆ ಬರುತ್ತಾರೆ. ಊಟದ ವೇಳೆಯೂ ಹೀಗೆಯೇ ನಿಯಮಕ್ಕೆ ಬರಲಿ. ಮೊಬೈಲು ಹಾಸಿಗೆಯಿಂದ ದೂರವಿರಲಿ.

ನಿದ್ದೆಗೆಟ್ಟು ಓದಿದ್ದು ನೆನಪಿನಲ್ಲಿ ನಿಲ್ಲದು. ತಾಯಿ ಎಬ್ಬಿಸದೆ ತಾನಾಗಿ ಏಳಬಲ್ಲ ಮಗುವೇ ವಿಶ್ವವಿದ್ಯಾಲಯಕ್ಕೆ ಸಿದ್ಧವಾಗಿದೆ ಎಂಬುದು ನಮ್ಮ ಅಭಿಮತ.