ಯಾರ ಸಂಶೋಧನೆ, ಯಾರಿಗೆ ಕೆಲಸ?

ಸಂಶೋಧನೆಗೆ ದುಡ್ಡು ಸುರಿಯಿರಿ, ಕೆಲಸ ತಾನಾಗಿ ಹುಟ್ಟುತ್ತದೆ ಎನ್ನುವ ಪಂಡಿತರಿಗೆ ನಮ್ಮದೊಂದು ಪ್ರಶ್ನೆ. ಎಲ್ಲಿ ಹುಟ್ಟುತ್ತದೆ ಸ್ವಾಮಿ? ಯಾರ ಮನೆಯಲ್ಲಿ?

ನಾವು ಸಾಗರ, ಹೊಸನಗರ, ತೀರ್ಥಹಳ್ಳಿಯ ಕೂಲಿಯವರ, ಗೇಣಿದಾರರ ಮಕ್ಕಳು. ಓದ್ರೋ ಅಂದರು, ಓದಿದ್ವಿ. 2022ರಲ್ಲಿ ಈ ದೇಶದ ಪದವೀಧರ ಯುವಜನರಲ್ಲಿ ನೂರಕ್ಕೆ 29 ಮಂದಿ ನಿರುದ್ಯೋಗಿಗಳು. ಓದು ಬರಹ ಬಾರದ ಯುವಜನರಲ್ಲಿ 3.4. ಇದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ವರದಿಯ ಲೆಕ್ಕ. ಓದದವನು ಸುಖಿ ಎಂದು ತಿಳಿಯಬೇಡಿ. ಕೂಲಿ ಬಿಟ್ಟು ಕೂರಲು ಅವನಿಗೆ ಗತಿಯಿಲ್ಲ, ಅಷ್ಟೆ.

2020-21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದಲ್ಲಿ ನೂರಕ್ಕೆ 0.64. ದಕ್ಷಿಣ ಕೊರಿಯಾದ ಪಾಲು ಆಗಲೇ 4.5 ದಾಟಿತ್ತು. ಕಡಿಮೆಯೇ, ಒಪ್ಪಿದೆವು. ಆದರೆ ಆ ಚೂರಾದರೂ ಎತ್ತ ಹರಿಯುತ್ತದೆ? 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಸಾಗರ, ಹೊಸನಗರದ ಹಳ್ಳಿಗಳನ್ನು ಮುಳುಗಿಸಿದರು. ಶರಾವತಿಯ ಕರೆಂಟಿನಲ್ಲಿ ಬೆಂಗಳೂರಿನ ಕಾರ್ಖಾನೆ, ಪ್ರಯೋಗಾಲಯಗಳು ಬೆಳಗಿದವು. ಮುಳುಗಿದವರ ಮೊಮ್ಮಕ್ಕಳು ಹಕ್ಕುಪತ್ರಕ್ಕೆ ಅಲೆಯುತ್ತಲೇ ಇದ್ದಾರೆ.

ಹಂಗಾದರೆ ಸಂಶೋಧನೆ ನಮ್ಮ ಕಡೆ ಬರಲೇ ಇಲ್ಲವೇ? ಬಂತು, ಅಡಿಕೆ ಸುಲಿಯುವ ಯಂತ್ರವಾಗಿ. ಮೆಟ್ಟುಗತ್ತಿಯ ಮುಂದೆ ರಾತ್ರಿ ಕೂತು ಬೆರಳು ಕಪ್ಪಾದ ನಮ್ಮ ಅವ್ವಂದಿರ ದುಡಿಮೆಯನ್ನು ಹಾಡಿ ಹೊಗಳುವ ಕವಿಗಳು ನಾವಲ್ಲ. ಯಂತ್ರ ಬರಬೇಕಿತ್ತು. ಆದರೆ ಬಂದದ್ದು ತೋಟದವನ ಅಂಗಳಕ್ಕೆ. ಉಳಿದ ಕೂಲಿ ಹೋದದ್ದು ಅವನ ಜೇಬಿಗೆ.

ಈಗ ಮಂಗನ ಕಾಯಿಲೆ ನೋಡಿ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದದ್ದು 1957ರಲ್ಲಿ. ದಶಕಗಳ ಕಾಲ ಚುಚ್ಚಿದ ಲಸಿಕೆಯನ್ನು, ಪರಿಣಾಮ ಸಾಲದೆಂದು, 2022ರ ಹೊತ್ತಿಗೆ ನಿಲ್ಲಿಸಿದರು. ನಡುವೆ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಸೌದೆಗೆ, ದರಗಿಗೆ ಕಾಡು ಹೊಗುವವರು ಯಾರು? ಉಣುಗು ಕಚ್ಚುವುದು ಯಾರಿಗೆ? ನಮಗೆ ಕೊಟ್ಟದ್ದು ಮೈಗೆ ಹಚ್ಚುವ ಡೇಪಾ ಎಣ್ಣೆ. ಅದನ್ನೂ ಕಂಡುಹಿಡಿದದ್ದು ರಕ್ಷಣಾ ಇಲಾಖೆಯ ಪ್ರಯೋಗಾಲಯ! ಈ ರೋಗ ಬೆಂಗಳೂರಿನ ಬಡಾವಣೆಗಳಲ್ಲಿ ಹಬ್ಬಿದ್ದರೆ ಅರವತ್ತು ವರ್ಷ ಕಾಯುತ್ತಿದ್ದರೇ?

2025ರಲ್ಲಿ ಕೇಂದ್ರ ಸರ್ಕಾರ ಸಂಶೋಧನೆಗೆಂದು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ವಲಯಕ್ಕೆ ಕಡಿಮೆ ಬಡ್ಡಿಯ, ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲ. ನಮ್ಮ ಹುಡುಗ ಎಮ್ಮೆ ಸಾಲಕ್ಕೆ ಹೋದರೆ ಜಾಮೀನು ಎಲ್ಲಿ ಅಂತಾರೆ.

ಕಾಡಿನಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯಬೇಕು. ಮಂಗ ಸತ್ತ ಸುದ್ದಿ ಅಂದೇ ಮುಟ್ಟಿಸಬೇಕು. ಜ್ವರ ಬಂದವರ ರಕ್ತ ಇಲ್ಲೇ ಪರೀಕ್ಷೆಯಾಗಬೇಕು. ಇದೂ ಸಂಶೋಧನೆಯೇ, ಇದೂ ಉದ್ಯೋಗವೇ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಮುಂದಿನ ಯಂತ್ರದ ನಕ್ಷೆ ಬರೆಯುವಾಗ ಸುಲಿಯುವವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಯಂತ್ರ ಅವಳ ಸಂಘದ ಹೆಸರಿಗೇ ಬರಲಿ. ಕಾಡು ಬಲ್ಲವರೂ ವಿಜ್ಞಾನದ ಡಿಗ್ರಿ ಇದ್ದವರೂ ನಮ್ಮ ಕೇರಿಗಳಲ್ಲೇ ಇದ್ದಾರೆ. ಹುದ್ದೆ ಮಂಜೂರು ಮಾಡಿ. ಹಂಗಾಮಿ ಬೇಡ, ಕಾಯಂ.