ಬಾಗಿಲ ಸಂದಿಗೆ ಪಟ್ಟಿ ಕಡ್ಡಾಯವಾಗಬೇಕೇ?

ಬಾಗಿಲ ಕೀಲಿನ ಕಡೆಯ ಸಂದಿಯನ್ನು ಮುಚ್ಚುವ ಪ್ಲಾಸ್ಟಿಕ್ ಪಟ್ಟಿಗೆ ಅಂಗಡಿಯಲ್ಲಿ ಫಿಂಗರ್ ಗಾರ್ಡ್ ಎನ್ನುತ್ತಾರೆ. ಅಂಗನವಾಡಿಯಿಂದ ಎರಡನೇ ತರಗತಿಯವರೆಗಿನ ಮಕ್ಕಳು ಓಡಾಡುವ ಪ್ರತಿ ಬಾಗಿಲಿಗೂ ಸರ್ಕಾರ ಇದನ್ನು ಕಡ್ಡಾಯ ಮಾಡಬೇಕೇ?

ಪರ

"ಬಾಗಿಲ ಹತ್ತಿರ ಹುಷಾರು" ಎಂದು ದಿನಕ್ಕೆ ಹತ್ತು ಸಲ ಹೇಳಬಹುದು. ಆದರೆ ಸಂದಿಗೆ ಬೆರಳಿಟ್ಟ ಮಗು ಒಂದು, ಬಾಗಿಲು ದೂಡುವ ಮಗು ಇನ್ನೊಂದು. ನಡುವೆ ಬಾಗಿಲಿದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಬುದ್ಧಿ ಹೇಳುವುದು ಯಾರಿಗೆ?

ಬಾಗಿಲೆಂದರೆ ಸನ್ನೆಕೋಲು. 90 ಸೆಂ.ಮೀ. ಅಗಲದ ಬಾಗಿಲಿನ ಅಂಚನ್ನು ತಳ್ಳಿದರೆ, ಕೀಲಿನಿಂದ 3 ಸೆಂ.ಮೀ. ದೂರದಲ್ಲಿ ಸಿಕ್ಕ ಬೆರಳಿನ ಮೇಲೆ ಬೀಳುವುದು ಸುಮಾರು 30 ಪಟ್ಟು ಬಲ. ಅಡಕತ್ತರಿಗೆ ಅಡಿಕೆ ಕೊಟ್ಟ ಹಾಗೆ. ತಳ್ಳಿದ್ದು ನಾಲ್ಕು ವರ್ಷದ ಕೈಯಾದರೂ ಸಾಕು.

ಕೊಂಡಿ ಹಾಕಿ ಬಾಗಿಲು ತೆರೆದಿಡಿ ಎನ್ನುವವರಿದ್ದಾರೆ. ಶೌಚಾಲಯದ ಬಾಗಿಲನ್ನೂ ತೆರೆದಿಡೋಣವೇ? ಶಿಕ್ಷಕರು ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪಾಠ ಮಾಡುವವರಾರು, ಬಾಗಿಲು ಕಾಯುವವರಾರು?

2004ರಲ್ಲಿ ಕುಂಭಕೋಣಂ ಶಾಲೆಯ ಬೆಂಕಿಗೆ 94 ಮಕ್ಕಳು ಬಲಿಯಾದರು. ಶಾಲೆಗಳ ಅಗ್ನಿ ಸುರಕ್ಷತೆಗೆ ಸುಪ್ರೀಂ ಕೋರ್ಟ್ ನಿರ್ದೇಶನ ಬಂದದ್ದು 2009ರಲ್ಲಿ. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶೌಚಾಲಯವಿದೆ, ಕುಡಿಯುವ ನೀರಿದೆ, ಕಾಂಪೌಂಡ್ ಇದೆ; ಬಾಗಿಲ ಸಂದಿ ಇಲ್ಲ. ಬೆಂಕಿ ಬಿದ್ದರೆ ದೇಶವೇ ತಿರುಗಿ ನೋಡುತ್ತದೆ. ಒಂದು ಮಗುವಿನ ಬೆರಳ ತುದಿ ಹೋದರೆ ತಾಯಿಯೊಬ್ಬಳು ಆಸ್ಪತ್ರೆಗೆ ಓಡುತ್ತಾಳೆ, ಅಷ್ಟೇ. ಅದಕ್ಕೇ ನಿಯಮ ಬೇಕು.

ವಿರೋಧ

ನಮ್ಮ ತಕರಾರು ಪಟ್ಟಿಯ ಮೇಲಲ್ಲ, ಕಡ್ಡಾಯದ ಮೇಲೆ. ಎಷ್ಟೋ ಶಾಲೆಗಳಲ್ಲಿ ದಾರಂದಕ್ಕೆ ಗೆದ್ದಲು, ತಗಡಿನ ಬಾಗಿಲಿಗೆ ತುಕ್ಕು. ಅಲ್ಲಿ ಸ್ಕ್ರೂ ಕೂರುವುದಾದರೂ ಎಲ್ಲಿ? ಶೌಚಾಲಯದ ಪ್ರಶ್ನೆಗೂ ಇದೇ ಉತ್ತರ: ಮೊದಲು ಬಾಗಿಲು ನೆಟ್ಟಗಾಗಲಿ. ಕಳಪೆ ಪಟ್ಟಿ ಬಿಸಿಲಿಗೆ ಸೀಳಿಬಿಟ್ಟರೂ ಕಡತದಲ್ಲಿ ಮಾತ್ರ "ಅಳವಡಿಸಲಾಗಿದೆ" ಎಂದೇ ಇರುತ್ತದೆ.

ಪಟ್ಟಿ ಕಾಯುವುದು ಕೀಲಿನ ಕಡೆಯನ್ನಷ್ಟೇ. ಆಷಾಢದ ಗಾಳಿಗೆ ದಢಾರನೆ ಬಡಿಯುವ ಚಿಲಕದ ಕಡೆಗೆ ಏನು ಮಾಡುತ್ತೀರಿ? ತರಗತಿಯ ಬಾಗಿಲಿಗೆ ಗೋಡೆಯಲ್ಲೊಂದು ಗಟ್ಟಿ ಕೊಂಡಿ ಇದ್ದರೆ ಎರಡೂ ಕಡೆ ಕ್ಷೇಮ. ಬೆಳಿಗ್ಗೆ ಸಿಕ್ಕಿಸಿದರೆ ಸಂಜೆಯವರೆಗೆ ಯಾರೂ ಕಾಯಬೇಕಿಲ್ಲ. ಕೊಂಡಿ ಇಲ್ಲದ ಕಡೆ ಬಾಗಿಲ ಮೇಲಂಚಿಗೆ ಹಳೆ ಟವೆಲ್ ಮಡಚಿ ಹಾಕಿದರೂ ಚಿಲಕದ ಕಡೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಕಡ್ಡಾಯ ಮಾಡುವುದೇ ಆದರೆ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಮಾಡಿ. ತುಂಡಾದ ಬೆರಳ ತುದಿಯನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಮೇಲಿಟ್ಟು ಒಯ್ಯಬೇಕು. ಬೆರಳನ್ನೇ ಐಸ್‌ನಲ್ಲಿ ಹಾಕಬಾರದು. ಗಾಬರಿಯ ಗಳಿಗೆಯಲ್ಲಿ ಇದು ನೆನಪಾಗಬೇಕಾದರೆ ಮೊದಲೇ ಕಲಿತಿರಬೇಕು.

ಉಳಿದದ್ದಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಕೈಗೆ ದುರಸ್ತಿ ಹಣ ಕೊಡಿ. ಯಾವ ಬಾಗಿಲಿಗೆ ಪಟ್ಟಿ, ಯಾವುದಕ್ಕೆ ಕೊಂಡಿ, ಯಾವುದನ್ನು ಕಿತ್ತೇ ಹಾಕಬೇಕು ಎಂಬುದು ಊರ ಬಡಗಿಗೆ ಗೊತ್ತು. ಬೆಂಗಳೂರಿನ ಸುತ್ತೋಲೆ ಆ ಬಾಗಿಲನ್ನು ಕಂಡೇ ಇಲ್ಲ.