ಚಳಿಜ್ವರವೂ ಗುಲ್ಮದ ಜರಡಿಯೂ

ಮಲೇರಿಯಾದ ಚಳಿ ಹತ್ತಿತೆಂದರೆ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲದು. ಕೆಲವು ಗಂಟೆಗಳಲ್ಲಿ ಬೆವರು ಸುರಿದು ಜ್ವರ ಇಳಿಯುತ್ತದೆ. ಸಾಮಾನ್ಯವಾಗಿ ಒಂದು ದಿನ ಬಿಟ್ಟು ಮತ್ತೆ ಹಾಜರು! 1880ರ ದಶಕದಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಗಿ (ಜೀವಕೋಶದ ‘ಗಾಲ್ಗಿ ಸಂಕೀರ್ಣ’ ಇವರ ಹೆಸರಿನದೇ) ಇದರ ಗುಟ್ಟು ಕಂಡರು. ಪರೋಪಜೀವಿಗಳು ಕೆಂಪು ರಕ್ತಕಣಗಳನ್ನು ಒಡೆದು ಒಟ್ಟಿಗೆ ಹೊರಬೀಳುವ ಹೊತ್ತಿಗೇ ಜ್ವರವೂ ಏರುತ್ತಿತ್ತು.

ಆದರೆ ಬಿಸಿ ಹುಟ್ಟಿಸುವುದು ನಮ್ಮ ದೇಹವೇ. ಒಡೆದ ಕಣಗಳಿಂದ ಹೊರಬಿದ್ದ ಕಸವನ್ನು ಕಬಳಿಸುವ ಭಕ್ಷಕ ಕಣಗಳು ಟಿಎನ್‌ಎಫ್ ಮೊದಲಾದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅವುಗಳ ಪ್ರಭಾವದಿಂದ ಮಿದುಳು ಮೈಬಿಸಿಯ ಮಟ್ಟವನ್ನು ಏರಿಸುತ್ತದೆ. ಸ್ನಾಯುಗಳು ನಡುಗಿ ಆ ಬಿಸಿಯನ್ನು ಒದಗಿಸುತ್ತವೆ. ಹುಟ್ಟಿನಿಂದಲೇ ಬಂದ ಈ ಕಾವಲಿಗೆ ವೈರಿಯ ಹಿಂದಿನ ಪರಿಚಯ ಬೇಕಿಲ್ಲ.

ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮ ಇನ್ನೊಂದು ಕಾವಲು. ಕೆಂಪುಕಣ ತನಗಿಂತ ಕಿರಿದಾದ ಸೀಳುಗಳಲ್ಲಿ ಮೈ ಮಡಚಿ ನುಸುಳಬೇಕು. ಪರೋಪಜೀವಿ ಬೆಳೆದಿರುವ ಕಣ ಬಿರುಸಾಗಿ ಅಲ್ಲೇ ಸಿಕ್ಕಿಬೀಳುತ್ತದೆ, ಭಕ್ಷಕ ಕಣಗಳಿಗೆ ತುತ್ತಾಗುತ್ತದೆ. ಈ ದುಡಿಮೆಯಲ್ಲಿ ಗುಲ್ಮ ಊದಿಕೊಳ್ಳುತ್ತದೆ. ಹಿಂದೆ ವೈದ್ಯರು ಮಕ್ಕಳ ಹೊಟ್ಟೆ ಒತ್ತಿ ನೋಡಿಯೇ ಊರಿನಲ್ಲಿ ಮಲೇರಿಯಾ ಎಷ್ಟಿದೆಯೆಂದು ಅಂದಾಜು ಮಾಡುತ್ತಿದ್ದರು.

ಫಾಲ್ಸಿಪ್ಯಾರಮ್ ಎಂಬ ಜಾತಿ ಮಾತ್ರ ಬಲು ಕಿಲಾಡಿ. ಅದು ಹೊಕ್ಕ ಕಣದ ಮೇಲೆ ಅಂಟುಗುಬಟುಗಳು ಮೂಡುತ್ತವೆ; ಕಣ ರಕ್ತನಾಳದ ಗೋಡೆಗೆ ಕಚ್ಚಿಕೊಂಡು ಗುಲ್ಮದಿಂದ ತಪ್ಪಿಸಿಕೊಳ್ಳುತ್ತದೆ. ಮಿದುಳಿನಲ್ಲಿ ಹೀಗಾದರೆ ಪ್ರಾಣಾಪಾಯ. ಟಿಎನ್‌ಎಫ್ ಅತಿಯಾದರೂ ಕೆಡುಕೇ. ಜ್ವರದ ಮಾತ್ರೆ ಬಿಸಿಯನ್ನು ಇಳಿಸೀತು, ಪರೋಪಜೀವಿಯನ್ನು ಮುಟ್ಟದು. ಚಳಿಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಬೇಕು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.